ಇಟ್ಟಿಗೆ ಚಿತ್ರದ ಪೇಪರು

...ನೋಡ್ದಾ, ನೋಡ್ದಾ ಅಣ್ಣ? ಇಷ್ಟೊತ್ತು ಕೆರ್ದಿದ್ದಕ್ಕೆ ಉಗುರಗಲ ಬತ್ತು. ಉಗುರಗಲ! ಅದೂ ಎಂಗೆ, ಗೋಡೆ ಪುಟ್ಟಿ ಎಲ್ಲಾ ಕಿತ್ಕಂಡು ಕೆಳೀಕೆ ಬಿತ್ತು, ಪೇಪರು ಮಾತ್ರ ಅಲ್ಲೇ ಕಚ್ಕಂಡದೆ. ಈ ವಾಲ್‌ಪೇಪರು ಮಾಡ್ದೋನು ನನ್ ಕೈಗೆ ಸಿಗ್ಬೇಕು, ಇದೇ ಗಮ್ಮು ಕುಡ್ಸಿ ಸಾಯಿಸ್ಬುಡ್ತೀನಿ... ಯಾಕೆ ನಗ್ತೀಯೆ? ನಗ್ಲಿಲ್ವಾ? ಸರಿ ಬುಡು. ಬಾಯಿ ಒಸಿ ಸೊಟ್ಟಗಾದಂಗಾಯ್ತು, ನಕ್ಕೆ ಅನ್ಕಂಡೆ. ಗಂಜಾಮಲ್ಲಿ ಅವ್ವನ ಬೂದಿ ಬುಟ್ಟು ಬಂದಾಗಿನಿಂದ ನೀನು ನನ್ ಜೊತೆ ಒಂದ್ ಮಾತಾಡಿಲ್ಲ. ನಗೋದಾದ್ರೂ ನಗು ಅತ್ಲಾಗೆ.

ಕೂತ್ಕೋ. ಆ ಸೋಫಾ ಮ್ಯಾಲೆ ಕೂತ್ಕೋ. ಬ್ಯಾಡ್ವಾ? ನಿಂತ್ಕೋ ಅಂಗಾದ್ರೆ. ಮೂರು ವರ್ಷ ಆದ್ಮೇಲೆ ಈ ಕಡೆ ಕಾಲಿಕ್ಕಿದ್ದೀಯೆ, ಪೋಲೀಸ್ನೋನು ಬಂದು ನಿಂತಂಗೆ ಬಾಗ್ಲಲ್ಲಿ ನಿಂತಿದ್ದೀಯೆ. ನಿನ್ ಮನೇನೂ ಕಣಣ್ಣ ಇದು. ಇದೇ ನಡುಮನೇಲಿ ಒಂದೇ ಚಾಪೆ ಮ್ಯಾಲೆ ಬಿದ್ಕಂಡು ಬೆಳ್ದೋರು ನಾವು.

ಬಿಸಿನೀರು ಆಕ್ದೆ. ಸೋಪಿನ ನೀರು ಆಕ್ದೆ. ಸೀಮೆಎಣ್ಣೆ ಎಲ್ಲೂ ಸಿಗ್ನಿಲ್ಲ, ಡೀಸಲ್ಲು ಬಳ್ದೆ. ಮೇಘನ ಕೂದ್ಲು ಒಣಗಿಸ್ಕೊಳೋ ಮಿಷನ್ನು ಇತ್ತಲ್ಲ, ಅದ್ರಲ್ಲಿ ಬಿಸಿಗಾಳಿ ಬುಟ್ರೆ ಬತ್ತದೆ ಅಂತ ಮೊಬೈಲಲ್ಲಿ ಒಬ್ಳು ತೋರಿಸ್ತಿದ್ಲು, ಬಾಳೆಹಣ್ಣು ಸುಲ್ದಂಗೆ ಸುಲೀತಾಳೆ ಅವ್ಳು. ನಾನು ಬುಟ್ಟೆ. ಮಿಷನ್ನು ಸುಟ್ಟೋಯ್ತು. ನಾಲೆ ಮಗ್ಗುಲ ಮನೆ, ಗೋಡೆ ವರ್ಷವಿಡೀ ತೇವ. ತೇವಕ್ಕೆ ತಾನಾಗೇ ಬೀಳ್ಬೇಕಲ್ವಾ? ಬೇರೆ ಕಡೆ ಬೊಬ್ಬೆ ಎದ್ದದೆ, ಒಳಗೆ ಇರುವೆ ಗೂಡು ಕಟ್ಟವೆ, ಅಲ್ಲಿ ಮೊಟ್ಟೆ ಇಟ್ಟವೆ. ಆದ್ರೂ ಬೀಳಾಕಿಲ್ಲ. ಕೊಡಿಲ್ಲಿ ಆ ಮಚ್ಚ. ಕೊಡಣ್ಣ. ಯಾಕೆ ಇಂದಕ್ಕೆ ಸರೀತೀಯೆ? ನಿನ್ ಮ್ಯಾಲೆ ಎತ್ತಾಕಲ್ಲ, ಗೋಡೆಗೆ.

ಥೂ! ತಕ್ಕೋ! ತಕ್ಕೋ ಇನ್ನೊಂದು! ...ಕಲ್ಲಿಗೆ ಬಿತ್ತು. ಕೈ ಜುಮ್ಮಂತು. ಪರವಾಗಿಲ್ಲ ಬುಡು, ರಕ್ತ ಬತ್ತಾ ಅದೆ ಅಷ್ಟೆ. ಬೆಳಿಗ್ಗೆಯಿಂದ ಎಷ್ಟು ಕಡೆ ಕುಯ್ಕಂಡಿದ್ದೀನೋ. ಕಿತ್ತಾಕ್ತೀನಿ ಇದ್ನ. ಗೋಡೆ ಉರುಳಿದ್ರೂ ಸರಿ, ಕಿತ್ತಾಕ್ತೀನಿ.

ಚಿಕ್ಕಸ್ವಾಮಿ ದೊಡ್ಡಪ್ಪ ನೆನ್ನೆ ಎಲ್ರ ಮುಂದೆ ಅಂದ್ಬುಡ್ತಲ್ಲ, ಒಬ್ಳು ತಾಯಿಗೆ ಎರಡು ಎಡೆ ಇಕ್ಕಕ್ಕಾಗಲ್ಲ ಕಣ್ರಲಾ, ತಿಥಿ ಒಳಗೆ ನಡುಬಾಗ್ಲಿಗೆ ಬಡ್ದಿರೋ ಆ ಪ್ಲೈವುಡ್ ಕಿತ್ತು ನಡುಮನೆ ಒಂದ್ ಮಾಡಿ, ಇಲ್ದಿದ್ರೆ ನಾವ್ಯಾರೂ ಎಲೆ ಮುಂದೆ ಕೂರಾಕಿಲ್ಲ ಅಂತ. ನಾಡಿದ್ದು ತಿಥಿ. ನೆಂಟ್ರು ಉಣ್ಣದೆ ಎದ್ದೋದ್ರೆ ಅವ್ವನ ಬಾಯಿಗೆ ಅನ್ನ ಸೇರಲ್ಲ. ಅದುಕ್ಕೇ ಕೀಳ್ತಾ ಇರೋದು. ನೀನು ಕೇಳ್ದೆ ಅಂತಲ್ಲ. ನೀನು ಎಲ್ಲಿ ಕೇಳ್ದೆ? ನೀನು ಏನೂ ಕೇಳ್ಳಿಲ್ಲ ನನ್ನ.

ಕೇಳು ಬೇಕಾದ್ರೆ. ಊರೆಲ್ಲ ಮಾತಾಡ್ತಾ ಅದೆ ಅಂತ ಗೊತ್ತು ನಂಗೆ. ಡೈರಿ ತಾವ ಆಲು ಆಕಕ್ಕೋದ್ರೆ ಎಲ್ರೂ ಗಪ್ಪಂತ ಬಾಯ್ ಮುಚ್ಕತಾರೆ. ಲೋಕೇಶ ಕೇಳಿಸ್ಕಂಡೂ ಸುಮ್ಕಿದ್ದ ಅಂತ ಚಿಕ್ಕಬೋರಮ್ಮ ಅಂದ್ಲಂತೆ. ಅವ್ಳ ನಾಲ್ಗೆ ಸೀಳಾಕ್ಬುಡ್ತಿದ್ದೆ, ಸಾವಿನ ಮನೆ ಅಂತ ಬುಟ್ಟೆ. ಅವ್ವ ಆ ಕಡೆಯಿಂದ ಬಾಗ್ಲು ತೆಗ್ದು ಈ ಪ್ಲೈವುಡ್ಡಿಗೆ ಒರಗಿಕೊಂಡು ಸತ್ತವ್ಳೆ, ಈ ಕಡೆ ಇದ್ದ ಮಗನಿಗೆ ಕೇಳಲ್ವಾ ಅಂತಾರೆ. ಬಂದು ನೋಡ್ಲಿ! ಎಂಥಾ ಪೇಪರು ಇದು ಅಂತ ಮುಟ್ಟಿ ನೋಡ್ಲಿ! ಒಳಗೆ ಪ್ಲೈವುಡ್ಡು, ಅದ್ರ ಮ್ಯಾಲೆ ಸ್ಪಂಜು, ಅದ್ರ ಮ್ಯಾಲೆ ಇಟ್ಟಿಗೆ ಚಿತ್ರ. ಮುಟ್ಟಣ್ಣ, ನೀನೇ ಮುಟ್ಟು. ಎಮ್ಮೆ ತೊಗಲಿದ್ದಂಗಿಲ್ವಾ? ಆ ಕಡೆ ಪಟಾಕಿ ಒಡುದ್ರೂ ಈ ಕಡೆ ಕೇಳಾಕಿಲ್ಲ. ಅಂಥದ್ರಲ್ಲಿ ಒಬ್ಳು ಮುದುಕಿ...

ಏನಂಗ್ ನೋಡ್ತೀಯ್ಲಾ? ...ತಪ್ಪಾಯ್ತು. ಅಣ್ಣ, ತಪ್ಪಾಯ್ತು, ಬಾಯಿ ಜಾರ್ತು.

ನಿನ್ ಕಿರುಬೆಳ್ಳು ಇನ್ನೂ ಡೊಂಕಾಗೇ ಅದೆ. ಬಚ್ಚಿಟ್ಕಬೇಡ, ನೋಡ್ದೆ. ನಾನೇ ಮುರ್ದಿದ್ದು, ಇಲ್ಲ ಅನ್ನಲ್ಲ. ನೀನು ಸಾಚಾನಾ? ತೂಬಿನ ನೀರು ನನ್ ಸರದಿ, ನೀನು ರಾತ್ರೋರಾತ್ರಿ ನಿನ್ ಗದ್ದೆಗೆ ತಿರುಗಿಸ್ಕಂಡೆ. ಕೇಳಕ್ಕೆ ಬಂದ್ರೆ ಅಪ್ಪನಿಗೆ ಹುಟ್ಟಿದ್ದೀಯೋ ಇಲ್ವೋ ಅಂದೆ. ಅವ್ವನ ಮುಂದೆ ಅಂದೆ. ಗುದ್ದಲಿ ಕಾವು ಕೈಲಿತ್ತು, ಬಾರ್ಸ್ದೆ. ನೀನು ನನ್ ತೋಳು ಕಚ್ದೆ, ನಾಯಿ ಕಚ್ದಂಗೆ. ಇದೇ ಬಾಗ್ಲ ಚೌಕಟ್ಟಿಗೆ ನಿನ್ ತಲೆ ಇಕ್ದೆ, ಒಂದ್ಸಲ ಅಲ್ಲ. ಅವ್ವ ಮಧ್ಯ ಬಂದ್ಲು. ಅವ್ಳ್ನೂ ತಳ್ದೆ. ಕೊಲ್ಲೋಕೇ ಓಗಿದ್ದೆ ಕಣಣ್ಣ ಅವತ್ತು ನಿನ್ನ. ಅವ್ವ ಕಾಲು ಹಿಡ್ಕಂಡ್ಲು ಅಂತ ಉಳ್ಕಂಡೆ ನೀನು.

ಮಾರನೆ ದಿನವೇ ಈ ಬಾಗ್ಲಿಗೆ ಪ್ಲೈವುಡ್ ಬಡ್ದೆ. ಅವ್ವ ನಿನ್ ಕಡೆ ಉಳ್ಕಂಡ್ಲು. ಇರ್ಲಿ ಅಂದ್ಕಂಡೆ. ಆದ್ರೆ ಸುಮ್ಕಿರ್ಬೇಕಲ್ಲ ಆವಮ್ಮ? ದಿನಾ ಉಣ್ಣೋ ಒತ್ತಿಗೆ ಆ ಕಡೆಯಿಂದ ತಟ್ಟೋದು. ಲೋಕೇಸಾ, ಸೊಪ್ಪಿನ ಸಾರು ಮಾಡಿವ್ನಿ, ಇತ್ಲಾಗೆ ಬಾ ಮಗ. ಲೋಕೇಸಾ, ನಿಮ್ಮಣ್ಣ ಇಲ್ಲ, ಬಂದು ಮುದ್ದೆ ಉಣ್ಕಂಡೋಗು. ತಟ್ಟೋದು, ತಟ್ಟೋದು. ತಲೆ ಕೆಟ್ಟೋಗದು ನಂಗೆ. ಒಂದಿನ ಮಚ್ಚು ತಕ್ಕಂಡು ಪ್ಲೈವುಡ್ಡಿಗೆ ಕಚ್ಚು ಬೀಳಂಗೆ ಇಕ್ಕಿ, ಇನ್ನೊಂದ್ಸಲ ತಟ್ಟುದ್ರೆ ನಿನ್ ಕೈ ಕತ್ತರಿಸ್ತೀನಿ ಕಣಮ್ಮೋ ಅಂತ ಕೂಗ್ದೆ. ಆಮೇಲೆ ಮೈಸೂರಿಗೆ ಓಗಿ ಈ ಪೇಪರು ತಂದು ಅಂಟಿಸ್ದೆ. ಅಲ್ಲಿಗೆ ತಟ್ಟೋದು ನಿಂತೋಯ್ತು. ಆವಮ್ಮ ತಟ್ಟೋದೇ ನಿಲ್ಲಿಸಿದ್ಲೋ, ತಟ್ಟುದ್ರೂ ನಂಗೆ ಕೇಳ್ತಿರ್ಲಿಲ್ವೋ, ದೇವ್ರಿಗೆ ಗೊತ್ತು. ನೆಮ್ಮದಿಯಾಗಿದ್ದೆ ಕಣಣ್ಣ. ಮೂರು ವರ್ಷ ನೆಮ್ಮದಿಯಾಗಿದ್ದೆ.

ಏನು ನೋಡ್ತಿದ್ದೀಯೆ? ಸೋಫಾನಾ? ಊಂ, ಅಲ್ಲೇ ಇತ್ತು. ಆ ಪ್ಲೈವುಡ್ಡಿಗೆ ಒತ್ಕಂಡಂಗೇ ಇತ್ತು. ಪೇಪರು ಕೀಳಕ್ಕೆ ಅಂತ ಇವತ್ತು ಈಚೆಗೆ ಎಳ್ದಿದ್ದೀನಿ. ಅದ್ರ ಮ್ಯಾಲೇ ಮಲಗಿದ್ದೆ ಅವತ್ತು ಮಧ್ಯಾನ. ಸುಳ್ಳು ಯಾಕೆ ಯೋಳ್ಲಿ? ಮೇಘನ ಪಾಂಡವಪುರಕ್ಕೆ ತವ್ರು ಮನೆಗೆ ಓಗಿದ್ಲು. ನಾನೊಬ್ನೇ. ಕರೆಂಟಿಲ್ಲ. ಫ್ಯಾನಿಲ್ಲ, ಟೀವಿಯಿಲ್ಲ, ಬೀದೀಲಿ ಒಂದ್ ನರಪಿಳ್ಳೆ ಇಲ್ಲ. ಉಂಡು ಬಿದ್ಕಂಡೆ, ನಿದ್ದೆ ಬತ್ತು. ಸಂಜೆ ಪ್ರಮೀಳಾ ಅತ್ಗೆ ಕಿರುಚ್ಕಂಡಾಗ್ಲೇ ಎಚ್ಚರ ಆಗಿದ್ದು. ಇಷ್ಟೇ ನಡ್ದಿದ್ದು. ಬೇಕಾದ್ರೆ ನಿಮಿಷಾಂಬನ ಮುಂದೆ ಕರ್ಪೂರ ಅಚ್ಚಿ ಯೋಳ್ತೀನಿ.

ಒಂದ್ ಗಂಟೆ ಮುಂಚೆ ಕರ್ಕಂಡು ಬಂದಿದ್ರೆ ಉಳೀತಿದ್ರು ಅಂದ್ರಂತೆ ಡಾಕ್ಟ್ರು. ಅದ್ನ ನನ್ ಮುಂದೆ ಯಾಕಂದಿದ್ದು ಅತ್ಗೆ? ನನ್ನೇ ನೋಡ್ಕಂಡು ಯಾಕಂದಿದ್ದು? ಎದೆನೋವಿನ ಮುದುಕೀನ ಒಬ್ಳನ್ನೇ ಬುಟ್ಟು ಗಂಡ ಎಂಡ್ತಿ ಮಗಳು ಮೂವರೂ ಕೆ.ಆರ್.ಪೇಟೆಗೆ ಮದ್ವೆ ಊಟಕ್ಕೆ ಓದೋರು ಯಾರು? ನಾನಾ? ನೀನು ಓಳಿಗೆ ತಿಂತಾ ಕೂತಿದ್ದಾಗ ಅವ್ಳು ಇಲ್ಲಿ... ಬಾ, ಒಡಿ. ಕೈ ಮುಷ್ಟಿ ಕಟ್ಟಿದ್ದೀಯಲ್ಲ, ಒಡಿ ಬಾ! ಈ ಸಲ ಅವ್ವ ಮಧ್ಯ ಬರಾಕಿಲ್ಲ. ಒಡ್ದು ಕೊಂದಾಕ್ಬುಡು, ಆದ್ರೆ ಇಂಗೆ ಗೂಬೆ ನೋಡ್ದಂಗೆ ನೋಡ್ಬೇಡ ನನ್ನ!

...ಅಳ್ತಿದ್ದೀಯಾ? ಅಳ್ಬೇಡ. ಅಣ್ಣ, ಬುಡು. ನೀರು ಕುಡಿ.

ನೋಡಿಲ್ಲಿ. ಈ ಮೂಲೇಲಿ ಒಸಿ ಸಡ್ಲ ಆಗದೆ. ಚೌಕಟ್ಟು ಕಾಣ್ತಾ ಅದೆ. ಅವ್ವ ಶುಕ್ರವಾರ ಇಕ್ತಿದ್ದ ಅರಿಶಿನ ಕುಂಕುಮ ಅಂಗೇ ಅದೆ ನೋಡು, ಮಾಸಿಲ್ಲ. ಬಾಗ್ಲ ಪ್ಲೈವುಡ್ ಮ್ಯಾಲಿನ ಪೇಪರು ಮಾತ್ರ ಒಂದ್ ಚೂರೂ ಬಂದಿಲ್ಲ. ಅದ್ನ ಇನ್ನು ಕೆರೆಯೋದು ಬ್ಯಾಡ, ಪ್ಲೈವುಡ್ ಸಮೇತ ಕಿತ್ತೆಸೆಯೋಣ. ಒಬ್ನ ಕೈಲಾಗಲ್ಲ. ನೀನು ಒಂದ್ ಕೆಲ್ಸ ಮಾಡು. ನಿನ್ ಕಡೆಗೆ ಓಗಿ ಬಾಗ್ಲು ತೆಗೀ. ಕಬ್ಬಿಣದ ಆರೆ ಅದೆಯಲ್ಲ, ಅದ್ರಲ್ಲಿ ಜೋರಾಗಿ ಗುದ್ದು. ಎಲ್ಲಿ ಗುದ್ತಿದ್ದೀಯೆ ಅಂತ ಗೊತ್ತಾದ್ರೆ ಈ ಕಡೆಯಿಂದ ನಾನು ಮಚ್ಚು ತೂರ್ಸಿ ಮೀಟ್ತೀನಿ. ಕೂಗ್ಬೇಡ, ಕೂಗಿದ್ರೆ ಕೇಳಾಕಿಲ್ಲ. ಆರೇಲೇ ಗುದ್ದು. ಮೆತ್ತಗೆ ಬಡುದ್ರೆ ಈ ಕಡೆಗೆ ಏನೇನೂ ಗೊತ್ತಾಗಲ್ಲ, ಯೋಳಿದ್ದೀನಿ.

ಊಂ, ಓಗು.

...

ಊಂ, ಊಂ, ಕೇಳ್ತು. ಅಲ್ಲೇ ಕಣಣ್ಣ. ಒಸಿ ಮ್ಯಾಲಕ್ಕೆ... ಊಂ, ಅಲ್ಲಿ. ಮೊಳೆ ಅಲ್ಲೇ ಇರೋದು. ತಡಿ, ಮಚ್ಚು ತೂರ್ಸ್ತೀನಿ. ಈಗ ಗುದ್ದು.

ಗುದ್ದಪ್ಪ. ಆರೆ ತಕ್ಕೋ ಅಂದ್ರೆ ಬೆಳ್ಳಲ್ಲಿ ತಟ್ಕಂಡು ನಿಂತಿದ್ದೀಯಲ್ಲ. ಬೆಳ್ಳಲ್ಲಿ ತಟ್ಟುದ್ರೆ ಆಯ್ತದಾ? ಅವ್ವನೂ ಅವತ್ತು ಇಂಗೇ, ಕೆಳಗೆ ಕೂತ್ಕಂಡು...

ಅಣ್ಣ?

ಯಾಕೆ ನಿಲ್ಲಿಸ್ಬುಟ್ಟೆ?

ಅಣ್ಣ, ಅದು... ಈಗ ಪೇಪರು ಕಿತ್ತಿದ್ದೀನಲ್ಲ, ಅದುಕ್ಕೆ ಕೇಳ್ತು. ಮೊದ್ಲು ಕೇಳ್ತಿರ್ಲಿಲ್ಲ. ಕಿತ್ತಿದ್ದೀನಿ, ನೋಡು, ಸುತ್ತ ಎಲ್ಲಾ... ಬಾಗ್ಲ ಮ್ಯಾಲಿಂದು ಇನ್ನೂ... ಅವತ್ತು ಟೀವಿ ಆಕಿದ್ದೆ ಕಣಣ್ಣ. ಜೋರಾಗಿ ಆಕಿದ್ದೆ. ಟೀವಿ ಸದ್ದಲ್ಲಿ...

ಗುದ್ದಣ್ಣ. ಆರೇಲಿ ಗುದ್ದು. ಪ್ಲೈವುಡ್ಡು ಮುರ್ದು ನನ್ ತಲೆ ಮ್ಯಾಲೇ ಬೀಳ್ಲಿ, ಗುದ್ದು. ಬೈಯಿ. ಏನಾದ್ರೂ ಅನ್ನು.

ರವೀಂದ್ರಣ್ಣ...

ಓಗಿಲ್ಲ ನೀನು. ಅಲ್ಲೇ ನಿಂತಿದ್ದೀಯೆ. ಉಸ್ರು ಕೇಳ್ತಾ ಅದೆ ನಂಗೆ.