ಎರಡು ಇಂಗಿನ ಡಬ್ಬಿ

“ಹಲೋ... ಹಲೋ, ಯಾರು ಮಾತಾಡ್ತಿರೋದು? ಭೀಮೇಶನಾ?... ಹಾಂ?... ನಾನ್ಯಾರು ಅಂತ ಕೇಳ್ತೀಯಾ? ಲೋ, ನಾನು ಕಣೋ, ನಿಮ್ಮವ್ವ! ಹೊಸಕೆರೆಹಳ್ಳಿಯಿಂದ!...”

ಹನ್ನೊಂದು ಸಲ ಸಿಗದ ಫೋನು ಹನ್ನೆರಡನೆಯ ಸಲಕ್ಕೆ ಸಿಕ್ಕಿತ್ತು. ಮೆಡಿಕಲ್ ಸ್ಟೋರಿನ ಮೆಟ್ಟಿಲ ಮೇಲೆ ಮಾರಮ್ಮ ಕುಸಿದು ಕೂತಳು. ಮಡಿಲಲ್ಲಿ ಮುಚ್ಚಳ ತೆಗೆದ ಇಂಗಿನ ಡಬ್ಬಿ. ಒಳಗೆ ಗುಂಡನೆಯ ಬಿಳಿ ಮಾತ್ರೆಗಳು. ಅವು ಅವಳವಲ್ಲ, ಮಗನ ಬಿಪಿ ಮಾತ್ರೆಗಳು. ಅವಳ ಸಕ್ಕರೆ ಕಾಯಿಲೆಯ ಮಾತ್ರೆಗಳು ಮಗನ ಜೊತೆ ವಿಮಾನ ಹತ್ತಿ ಅಂಡಮಾನಿಗೆ ಹೋಗಿ ಮೂರು ದಿನವಾಗಿತ್ತು. ಸಕ್ಕರೆ ಕಾಯಿಲೆಯೇ ಇಲ್ಲದ ಮಗ ಅವನ್ನು ಬೆಳಿಗ್ಗೆ ಒಂದು, ರಾತ್ರಿ ಒಂದು ನುಂಗುತ್ತಿದ್ದ. ಅಂಗಡಿಯ ಕಾತ್ಯಾಯಿನಿ ಡಬ್ಬಿಯೊಳಗೆ ಇಣುಕಿ, ಮುದುಕಿಯ ಮಾತು ಕೇಳಿ, ಬಿಲ್ಲು ಬರೆಯುವುದನ್ನು ಅಲ್ಲಿಗೇ ಬಿಟ್ಟಿದ್ದಳು. ಮೈಯಲ್ಲಿರುವ ಸಕ್ಕರೆ ಇಳಿದುಹೋಗುತ್ತದೆ, ಬುದ್ಧಿ ಮಂಕಾಗುತ್ತದೆ, ಪ್ರಜ್ಞೆಯೂ ತಪ್ಪಬಹುದು. ಮೊದಲು ಗಾಡಿಯಿಂದ ಇಳಿಸಿ ಸಿಹಿ ತಿನ್ನಿಸಿ ಅಜ್ಜಿ, ಎಂದಿದ್ದಳು.

“ಭೀಮ, ಕೇಳು. ಗಾಡಿ ಮೇಲೆ ಇದ್ದೀಯಾ, ಕೆಳಗೆ ಇಳ್ದಿದ್ದೀಯಾ?... ಮೇಲೇ ಕೂತಿದ್ದೀಯಾ? ಇಂಜಿನ್ ಸದ್ದು ಕೇಳ್ತಾ ಇದೆ ನಂಗೆ. ಆಫ್ ಮಾಡು. ಆಫ್ ಮಾಡಪ್ಪ... ಮಾಡಿದ್ಯಾ? ಕೀ ತೆಗಿ. ತೆಗೆದು ಜೇಬಿಗೆ ಹಾಕು... ನಗಬೇಡ್ವೋ, ಯಾಕೋ ನಗ್ತೀಯ?...”

ಮಗ ಕುಡಿದವನ ಹಾಗೆ ನಗುತ್ತಿದ್ದ. ಅವನು ಕುಡಿಯುವವನಲ್ಲ. ಕುಮಾರಸ್ವಾಮಿ ಲೇಔಟಿನ ಗ್ಯಾರೇಜಿನಲ್ಲಿ ಇಪ್ಪತ್ತೆರಡು ವರ್ಷ ಊರವರ ಬೈಕು ರಿಪೇರಿ ಮಾಡಿದವನು. ಯಾರದೋ ಗಾಡಿಯನ್ನು ಟ್ರಯಲ್ ನೋಡಲೆಂದು ಎರಡು ಕ್ರಾಸ್ ಸುತ್ತಿಸಿದ್ದು ಬಿಟ್ಟರೆ, ತನ್ನ ಖುಷಿಗೆಂದು ಒಂದು ದಿನವೂ ಬೈಕು ಓಡಿಸಿದವನಲ್ಲ. ಜೊತೆಗೆ ಹೋದ ಗೆಳೆಯ ರವಿಕುಮಾರ್ ಕಡಲ ತಳದಲ್ಲಿ ಮೀನು ನೋಡಲು ಹೋಗುತ್ತಾನೆ, ನಾನು ಮಾತ್ರ ಬಾಡಿಗೆ ಬೈಕಿನಲ್ಲಿ ಇಡೀ ದ್ವೀಪ ಸುತ್ತುತ್ತೇನೆ ಎಂದು ನಿನ್ನೆ ರಾತ್ರಿ ಎಳೆ ಹುಡುಗನ ಹಾಗೆ ಹೇಳಿಕೊಂಡಿದ್ದ.

“ಬೆಳಿಗ್ಗೆ ಏನು ತಿಂದೆ?... ತಿಂಡಿ?... ಬರೀ ಕಾಫೀನಾ? ಅಯ್ಯೋ ನನ್ನ ಕರ್ಮವೇ... ಮಾತ್ರೆ ಮಾತ್ರ ಮರೀದೆ ನುಂಗಿದ್ಯಾ? ಹೂಂ, ನುಂಗಿರ್ತೀಯ. ದಿನಾ ಬಾಯಿ ಬಡ್ಕೊಂಡು ಅಭ್ಯಾಸ ಮಾಡ್ಸಿದ್ದು ನಾನೇ ಅಲ್ವಾ...”

...

“ಕೈ ನಡುಗ್ತಿದ್ಯಾ?... ಬೆವರು? ಬಿಸಿಲಿಗಲ್ಲ ಕಣೋ ಅದು. ಬಿಸಿಲಿಗಲ್ಲ. ಮಾತ್ರೆ ಅದಲುಬದಲಾಗಿದೆ. ನೀನು ತಗೊಂಡು ಹೋಗಿರೋದು ನನ್ನ ಶುಗರ್ ಮಾತ್ರೆ... ಏನು? ಡಬ್ಬಿ ಮೇಲೆ ಕುಂಕುಮ ಇತ್ತಾ? ಇತ್ತಪ್ಪ. ಎರಡರಲ್ಲೂ ಇತ್ತು!...”

ಮಾರಮ್ಮನಿಗೆ ಓದಲು ಬಾರದು. ಸೊಟ್ಟಗಾದ ಬೆರಳುಗಳಿಗೆ ಮಾತ್ರೆಯ ಹಾಳೆ ಒತ್ತಲೂ ಬಾರದು. ಅದಕ್ಕೇ ಭೀಮೇಶ ಪ್ರತಿ ಭಾನುವಾರ ಇಬ್ಬರ ಮಾತ್ರೆಗಳನ್ನೂ ಬಿಡಿಸಿ ಎರಡು ಖಾಲಿ ಇಂಗಿನ ಡಬ್ಬಿಗೆ ತುಂಬಿಡುತ್ತಿದ್ದ. ಅವಳ ಡಬ್ಬಿಗೆ ಅರಿಶಿನದ ಬೊಟ್ಟು, ಅವನದಕ್ಕೆ ಕುಂಕುಮದ್ದು. ನಾಲ್ಕು ವರ್ಷ ಒಂದು ದಿನವೂ ತಪ್ಪಿರಲಿಲ್ಲ. ಈ ಆಯುಧಪೂಜೆಯ ದಿನ ಅವಳು ಮನೆಯಲ್ಲಿದ್ದ ಕುಡುಗೋಲು, ಈಳಿಗೆಮಣೆ, ಮಿಕ್ಸಿ, ಫ್ರಿಜ್ಜು ಎಲ್ಲವನ್ನೂ ಒರೆಸಿ ಅರಿಶಿನ ಕುಂಕುಮ ಇಟ್ಟಳು. ನಮ್ಮನ್ನು ಕಾಯುವುದು ಇವೂ ಅಲ್ಲವೇ ಎಂದುಕೊಂಡು ಆ ಎರಡು ಡಬ್ಬಿಗಳನ್ನೂ ಹೊರಗಿನಿಂದ ತೊಳೆದು, ಎರಡಕ್ಕೂ ಎರಡೂ ಬೊಟ್ಟು ಇಟ್ಟುಬಿಟ್ಟಳು. ಮಾರನೆಯ ಬೆಳಗಿನ ಜಾವ ಟ್ಯಾಕ್ಸಿ ಬಂದು ಹಾರನ್ ಮಾಡುವಾಗ ಮಗ ನನ್ನದು ಯಾವುದವ್ವ ಎಂದು ಕೇಳಿದ್ದ. ಕುಂಕುಮದ್ದು ಎಂದು ಒಲೆಯ ಮುಂದಿನಿಂದಲೇ ಕೂಗಿದ್ದಳು. ಅವಳಿಗೆ ಹಳೆಯ ಹಾಳೆಯಲ್ಲಿ ನಾಲ್ಕು ಮಾತ್ರೆ ಉಳಿದಿದ್ದವು. ಪಕ್ಕದ ಮನೆಯವರ ಕೈಯಲ್ಲಿ ಒತ್ತಿಸಿಕೊಂಡು ಅವನ್ನೇ ನುಂಗಿದಳು. ಡಬ್ಬಿ ತೆರೆದದ್ದು ಇವತ್ತು, ಮಾತ್ರೆ ಬೇರೆ ಅನ್ನಿಸಿ ಅಂಗಡಿಗೆ ತಂದು ತೋರಿಸಿದ್ದಳು.

“ಬಣ್ಣ ಬೇರೆ ಅಂತ ಗೊತ್ತಾಗ್ಲಿಲ್ವಾ ನಿಂಗೆ?... ಹಾಂ, ಹೌದು, ತಿಂಗಳಿಗೊಂದು ಕಂಪನಿ, ತಿಂಗಳಿಗೊಂದು ಬಣ್ಣ. ನೀನಾದ್ರೂ ಏನು ಮಾಡ್ತೀಯ. ತಪ್ಪು ನಂದು. ಆಮೇಲೆ ಬೈಯುವಂತೆ. ಈಗ ಗಾಡಿಯಿಂದ ಇಳಿ...”

...

“ಇಳಿದ್ಯಾ? ಯಾರಾದ್ರೂ ಕಾಣ್ತಾರಾ? ಅಂಗಡಿ, ಮನೆ, ಎಳನೀರು ಮಾರೋರು?... ಯಾರೂ ಇಲ್ವಾ? ಮರ ಇದೆಯಾ... ಏನಿದೆ? ಕೆರೆನಾ?... ನಮ್ಮ ಕೆರೆಗೆ ಇಷ್ಟು ನೀರು ಯಾವಾಗ ಬಂತು ಅಂತೀಯಾ? ಲೋ ಕಂದ, ಅದು ಕೆರೆ ಅಲ್ಲ ಕಣೋ, ಸಮುದ್ರ! ನೀನು ಹೊಸಕೆರೆಹಳ್ಳೀಲಿ ಇಲ್ಲ... ಬೇಡ! ನೀರಿಗೆ ಇಳೀಬೇಡ! ಸೆಖೆ ಆದ್ರೆ ಆಗ್ಲಿ! ನನ್ನ ಮೇಲಾಣೆ, ಒಂದು ಹೆಜ್ಜೆ ಇಡಬೇಡ. ಕೂತ್ಕೋ. ಅಲ್ಲೇ ನೆಲದ ಮೇಲೆ ಕೂತ್ಕೋ...”

ಅವಳು ಕೂಗಿದ ಕೂಗಿಗೆ ತರಕಾರಿ ಗಾಡಿಯವನು ತಳ್ಳುವುದನ್ನು ನಿಲ್ಲಿಸಿ ನೋಡಿದ. ಎದುರಿಗೆ ರಸ್ತೆಯಲ್ಲಿ ಬಸ್ಸುಗಳು ಎಂದಿನಂತೆ ಹೋಗುತ್ತಿದ್ದವು. ಇಲ್ಲಿ ಇಷ್ಟು ಜನ, ಹೆಜ್ಜೆಗೊಂದು ಬೇಕರಿ. ಅಲ್ಲಿ ಮಗನಿಗೆ ಒಂದು ಚಿಟಿಕೆ ಸಕ್ಕರೆ ಕೊಡುವವರಿಲ್ಲ.

“ತಡಿಯಮ್ಮ ಕಾತ್ಯಾಯಿನಿ, ಕೂತಿದ್ದಾನೆ, ಕೂತ ಅಂತ ಹೇಳ್ತಿದ್ದಾನೆ... ಭೀಮ, ಬ್ಯಾಗಲ್ಲಿ ತಿನ್ನೋಕೆ ಏನಿದೆ? ಬಿಸ್ಕತ್ತು? ಚಾಕಲೇಟು?... ಇಲ್ವಾ? ಸರಿಯಾಗಿ ನೋಡು... ನಿದ್ದೆ ಮಾಡಬೇಡ! ಲೋ! ಆಮೇಲೆ ಮಲಗುವಂತೆ, ಕಣ್ಣು ಬಿಡು! ನಿಮ್ಮಪ್ಪನ ಹೆಸರೇನು ಹೇಳು... ಹೇಳೋ... ಉಗ್ರಪ್ಪ, ಹಾಂ, ಉಗ್ರಪ್ಪ. ಸದ್ಯ, ಅದಾದ್ರೂ ನೆನಪಿದೆ...”

...

“ಭೀಮ, ಆ ಬ್ಯಾಗಿನ ಪಕ್ಕದ ಜೇಬು ನೋಡು. ನೀರಿನ ಬಾಟಲಿ ಇಡ್ತೀಯಲ್ಲ, ಅದರ ಆ ಕಡೇದು. ಪೂಜೆ ಪ್ರಸಾದ ಪೇಪರಲ್ಲಿ ಕಟ್ಟಿ ತುರುಕಿದ್ದೆ. ಪುರಿ, ಹುರಿಗಡ್ಲೆ, ಬೆಲ್ಲ. ವಿಮಾನದಲ್ಲಿ ಇದನ್ನೆಲ್ಲ ಯಾರು ತಿಂತಾರೆ ಅಂತ ಮುಖ ಸಿಂಡರಿಸಿದ್ದೆ ನೋಡು, ಅದೇ... ಎಸೆದ್ಯಾ?... ಎಸೆದಿಲ್ಲ ತಾನೇ? ನಿಜ ಹೇಳೋ... ತಿಂದುಬಿಟ್ಯಾ? ಮೊನ್ನೆನೇ?... ಎಲ್ಲಾನೂ?”

ಮಾರಮ್ಮನ ಮಡಿಲಿನಿಂದ ಡಬ್ಬಿ ಜಾರಿ ಮಾತ್ರೆಗಳು ಮೆಟ್ಟಿಲ ಮೇಲೆ ಉರುಳಿದವು. ಅವಳು ಅತ್ತ ನೋಡಲಿಲ್ಲ. ಮಗ ಬಾಲ್ಯದಲ್ಲಿ ಪ್ರಸಾದ ತಿನ್ನುತ್ತಿದ್ದ ರೀತಿ ಥಟ್ಟನೆ ನೆನಪಿಗೆ ಬಂತು.

“ಬೆಲ್ಲ? ಬೆಲ್ಲ ತಿಂದ್ಯಾ?... ಅದೇ ಕೇಳ್ತಿರೋದು! ಪುರಿ ಕಡ್ಲೆ ಆರಿಸ್ಕೊಂಡು ಬೆಲ್ಲ ಅಲ್ಲೇ ಬಿಟ್ಟಿರ್ತೀಯ, ಚಿಕ್ಕಂದಿನಿಂದ ಅದೇ ಬುದ್ಧಿ ನಿಂದು. ಅದಕ್ಕೆ ನನ್ನ ಕೈಲಿ ಎಷ್ಟು ಏಟು ತಿಂದಿದ್ದೀಯ... ನೋಡು, ಜೇಬಿಗೆ ಕೈ ಹಾಕು... ಸಿಕ್ತಾ?... ಸಿಕ್ತಾ ಮಗ?”

...

“ಇರುವೆನಾ? ಮುತ್ಕೊಂಡಿದ್ಯಾ? ಇರುವೆ ಸಮೇತ ಹಾಕ್ಕೋ ಬಾಯಿಗೆ! ಇರುವೆ ತಿಂದ್ರೆ ಈಜು ಬರುತ್ತೆ ಅಂತ ಕೆರೆ ಏರಿ ಮೇಲೆ ಕೂತು ಹಿಡಿಹಿಡಿದು ನುಂಗ್ತಿದ್ದೋನು ನೀನು. ಈಗೇನು ಅಸಹ್ಯ? ಹಾಕ್ಕೋ... ಜಗಿ. ಮಾತಾಡಬೇಡ, ಜಗಿ. ಬರೀ ಹೂಂ ಅನ್ನು...”

ಕಾತ್ಯಾಯಿನಿ ಕೌಂಟರಿನಾಚೆಯಿಂದ ಬಂದು ಪಕ್ಕದಲ್ಲಿ ಕೂತು ಕಿವಿಯಲ್ಲಿ ಏನೋ ಹೇಳಿದಳು. ಮಾರಮ್ಮ ತಲೆಯಾಡಿಸಿದಳು.

“ಭೀಮ, ಇಷ್ಟಕ್ಕೇ ಆಗಲ್ವಂತೆ. ಮತ್ತೆ ಇಳಿಯುತ್ತಂತೆ ಸಕ್ಕರೆ. ಆಸ್ಪತ್ರೆಗೆ ಹೋಗಲೇಬೇಕಂತೆ. ನೀನೇ ಓಡಿಸ್ಕೊಂಡು ಹೋಗೋ ಹಾಗಿಲ್ಲ... ಯಾರಾದ್ರೂ ಬಂದ್ರೆ ನಿಲ್ಲಿಸಬೇಕು. ಬೈಕನ್ನ ರಸ್ತೆಗೆ ಅಡ್ಡ ಮಲಗಿಸು... ಗೀರು ಬೀಳುತ್ತಾ? ಬೀಳ್ಲಿ ಬಿಡೋ! ಮೆಕ್ಯಾನಿಕ್ ಆಗಿದ್ದು ಸಾಕು ಒಂದು ಗಳಿಗೆ... ಅಯ್ಯೋ, ಆಯ್ತು ಮಾರಾಯ, ಬೈಕ್ ಬೇಡ. ಲಾರಿ ಕೆಟ್ಟು ನಿಂತ್ರೆ ರಸ್ತೆ ಮೇಲೆ ಸೊಪ್ಪು ಹಾಕ್ತಾರಲ್ಲ, ಹಂಗೆ ಕೊಂಬೆ ಮುರಿದು ಹಾಕು. ಕೂತಲ್ಲಿಂದ ಏನು ಸಿಗುತ್ತೋ ಅದು. ತೆಂಗಿನ ಗರಿ ಬಿದ್ದಿದ್ರೆ ಎಳ್ಕೋ...”

...

“ಹೂಂ ಅನ್ನೋ... ಭೀಮ?... ಭೀಮ! ಯಾಕೋ ಸುಮ್ನಾದೆ? ಇದ್ದೀಯಾ ಲೈನಲ್ಲಿ?... ಕಾತ್ಯಾಯಿನಮ್ಮ, ಮಾತೇ ಇಲ್ಲ ಕಣೆ ತಾಯಿ, ಬರೀ ಗಾಳಿ ಸದ್ದು ಬರ್ತಿದೆ... ದೇವರೇ, ಬೊಟ್ಟು ಇಟ್ಟ ಈ ಬೆರಳು ಸೇದಿಹೋಗ್ಲಿ, ಅವನ ತಂಟೆಗೆ ಮಾತ್ರ ಹೋಗಬೇಡ...”

ಫೋನಿನಲ್ಲಿ ಗಾಳಿ ಬೀಸುತ್ತಲೇ ಇತ್ತು. ಅದರ ಹಿಂದೆ ಯಾವುದೋ ಒಣಗಿದ್ದು ನೆಲಕ್ಕೆ ಉಜ್ಜುತ್ತ ಬರುವ ಸದ್ದು ಕೇಳಿಸಿತು. ಗರಿ ಎಳೆಯುವ ಸದ್ದು. ಅರವತ್ತೆಂಟು ವರ್ಷದ ಅವಳ ಕಿವಿ ಆ ಸದ್ದನ್ನು ತಪ್ಪಾಗಿ ತಿಳಿಯುವಂತಿರಲಿಲ್ಲ. ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

“ಹಾಂ... ಹಾಂ, ಇದ್ದೀನಿ ಮಗ, ಇಲ್ಲೇ ಇದ್ದೀನಿ... ಹಾಕಿದ್ಯಾ? ಎರಡು ಗರಿನಾ?... ಬೆಲ್ಲ ಪೂರ್ತಿ ಆಯ್ತಾ?... ಏನಂದೆ? ಇನ್ನೊಂದು ಸಲ ಹೇಳು, ಜೋರಾಗಿ ಹೇಳು...”

ಇದ್ದಕ್ಕಿದ್ದಂತೆ ಅವಳ ಮುಖದ ಸುಕ್ಕುಗಳೆಲ್ಲ ಅಲುಗಾಡಿದವು. ಅಳುವೋ ನಗುವೋ ಕಾತ್ಯಾಯಿನಿಗೆ ತಿಳಿಯಲಿಲ್ಲ.

“ಬೈತಿದ್ದಾನೆ ಕಣಮ್ಮ! ಮಾತ್ರೆ ಡಬ್ಬೀಗೆ ಯಾರವ್ವ ಕುಂಕುಮ ಇಡ್ತಾರೆ, ತಲೇಲಿ ಏನಿದೆ ನಿಂಗೆ ಅಂತ ಬೈತಿದ್ದಾನೆ!... ಹೌದಪ್ಪ, ಬುದ್ಧಿ ಇಲ್ಲ ನಂಗೆ. ಮಣ್ಣು ತುಂಬಿದೆ. ಬೈಯಿ. ನಿಲ್ಲಿಸಬೇಡ... ಏನು ಬರ್ತಿದೆ? ಜೀಪಾ? ಕೈ ಎತ್ತು, ಎರಡೂ ಕೈ ಎತ್ತು! ಫೋನ್ ಇಡಬೇಡ, ಅವರ ಕೈಗೆ ಕೊಡು... ನಿಲ್ಲಿಸಿದ್ರಾ?... ಬ್ರೇಕ್ ಸದ್ದು ಕೇಳ್ತು ನಂಗೆ, ಭೀಮ, ನಿಲ್ಲಿಸಿದ್ರಾ?... ಬೈತಾನೇ ಇರು ಮಗ, ನಿನ್ನ ದನಿ ಕೇಳಿಸ್ತಾ ಇರ್ಲಿ ನಂಗೆ, ಬೈತಾನೇ... ಹಲೋ?... ಹಲೋ?...”