ಕುದಿಯೋ ಕಾರಿಗೆ ಗರಿಕೆ ಮಾಲೆ

...ಅಲ್ಲ, ಹಳೆ ಗಾಡಿ ತಗಂಡದ್ದು ತಪ್ಪು ಅಂತ ನಾ ಹೇಳೂದಿಲ್ಲ, ತಗಂಡ್ರಿ, ಆತು. ಆದ್ರೆ ಅದು ಬಿಸಿ ಆದ ಕೂಡ್ಲೆ ನನ್ನ ಹತ್ರ ಬಂದು "ಅಜ್ಜಿ, ಒಂದು ಹರಕೆ ಹೇಳ್ಕ" ಅಂದ್ರೆ ಮಾತ್ರ ನಾ ಒಲ್ಲೆ. ಹರಕೆ ಹೇಳಿ ಹೇಳಿ ಒಂದು ಕಾರನ್ನ ಕುದಿಸಿದವಳು ನಾನು. ನಗಬೇಡಿ, ಕೂತ್ಕಣಿ. ನಿಮ್ಮಜ್ಜನಿಗೆ ಮಂಕಿಯಲ್ಲಿ ಕಿರಾಣಿ ಅಂಗಡಿ ಇತ್ತಲ್ಲ, ಆಗ, ತೊಂಬತ್ತೇಳೋ, ಅಲ್ಲ, ತೊಂಬತ್ತೆಂಟು, ನಿಮ್ಮಪ್ಪ ಆಗ ಕಾಲೇಜಿಗೆ ಹೋಗ್ತಿದ್ದ, ಭಟ್ಕಳದಲ್ಲಿ ದುಬೈಗೆ ಹೊರಟವ್ರೊಬ್ರ ಹಳೆ ಕಾರು ತಗಂಡು ಬಂದ್ರು. ಬಿಳಿ ಕಾರು. ಬಿಳಿ ಅಂದ್ರೆ ಒಂದು ಕಾಲಕ್ಕೆ ಬಿಳಿ. ಎಡಗಡೆ ಬಾಗಿಲಿಗೆ ಒಳಗಿಂದ ಹಗ್ಗ ಕಟ್ಟಬೇಕು, ಬ್ರೇಕು ಎರಡು ಸಲ ತುಳಿದ್ರೆ ಮೂರನೇ ಸಲಕ್ಕೆ ಮನಸ್ಸು ಮಾಡ್ತಿತ್ತು, ಬೆಳಿಗ್ಗೆ ಚಾಲೂ ಆಗ್ಬೇಕಾದ್ರೆ ನಾನೂ ನಿಮ್ಮ ಶೋಭತ್ತೆಯೂ ಹಿಂದಿಂದ ದೂಡಬೇಕು. "ಎಂಥಾ ಕಾರು ನೋಡೇ" ಅಂತಿದ್ರು ನಿಮ್ಮಜ್ಜ, ಒಳಗೆ ಕೂತ್ಕಂಡು. ದೂಡೋರು ನಾವು.

ಗಾಡಿ ಅಂದಮೇಲೆ ಮೊದಲು ಇಡಗುಂಜಿ ಗಣಪತಿ ಹತ್ರ, ಅದು ನಮ್ಮಲ್ಲಿ ಕೇಳೂ ವಿಷಯ ಅಲ್ಲ. ಪೂಜೆ ಮಾಡ್ಸಿ ಬರುವಾಗ ನಾನೊಂದು ತಗಡಿನ ಬೋರ್ಡು ತಗಂಡೆ, ಮೊರದಷ್ಟು ಅಗಲ, ಗಣಪತಿ ಚಿತ್ರ, ಕೆಳಗೆ 'ಪ್ರಸನ್ನ' ಅಂತ. ಕಾರಿನ ಮೂತಿಗೆ ಜಾಲಿ ಇರ್ತದಲ್ಲ, ಅದರ ಮೇಲೇ ಬೋಲ್ಟು ಹಾಕ್ಸಿದೆ. ವಾರ ಆಗ್ಲಿಲ್ಲ, ನೀರು ಕುದಿಯೂಕೆ ಶುರು ಆತು. ದೃಷ್ಟಿ ತಾಗಿದೆ ಅಂತ ನಾನು ಹರಕೆ ಹೇಳಿ ಬೋರ್ಡಿನ ಸುತ್ತ ಗರಿಕೆ ಮಾಲೆ ಕಟ್ಟಿದೆ. ಮತ್ತೂ ಕುದೀತು. ಕೆಂಪು ಬಟ್ಟೇಲಿ ತೆಂಗಿನಕಾಯಿ ಕಟ್ಟಿದೆ. ಮತ್ತೂ ಕುದೀತು. ದೇವರ ಮಾಲೆ ಒಣಗ್ತು ಅಂತ ಬೀದಿಗೆ ಒಗೆಯೂಕಾಗ್ತದಾ, ಹೊಳೆಗೇ ಬಿಡ್ಬೇಕು, ಹೊಳೆಗೆ ಹೋಗೂಕೆ ನಂಗೆ ಪುರಸೊತ್ತಿಲ್ಲ, ಹಂಗಾಗಿ ಹಳೇದ್ರ ಮೇಲೆ ಹೊಸದು, ಸಂಕಷ್ಟಿಗೊಂದು. ಒಂದಿನ ನಿಮ್ಮಜ್ಜ ಬಿಸಿ ಇರುವಾಗ್ಲೇ ನೀರಿನ ಮುಚ್ಚಳ ತೆಗೆದು ಅರ್ಧ ಮೀಸೆ ಸುಟ್ಕಂಡ್ರು, ಉಳಿದರ್ಧ ನಾನೇ ಬೋಳಿಸ್ಕಣಿ ಅಂದೆ. ಮೇಸ್ತ್ರಿಗಳಿಗೂ ತೋರ್ಸಿದ್ವಿ ಮತ್ತೆ. ಒಬ್ಬ ಪೈಪು ಬದಲು ಮಾಡ್ದ, ಒಬ್ಬ ಫ್ಯಾನಿನ ಬೆಲ್ಟು ಬದಲು ಮಾಡ್ದ, ಮೂರನೆಯವ ಬೋರ್ಡು ಬಿಚ್ಚಿ ಎಲ್ಲಾ ತೊಳೆದು ಓಡ್ಸಿ ನೋಡ್ದ, ಬೆಚ್ಚಗೂ ಆಗ್ಲಿಲ್ಲ. ಆಮೇಲೆ ಬೋರ್ಡಿಗೆ ಕೈ ಮುಗಿದು ಮೊದಲಿನ ಜಾಗಕ್ಕೇ ಕೂರ್ಸಿ ಕಳಿಸ್ದ. ಮನೆ ಮುಟ್ಟುವಷ್ಟರಲ್ಲಿ ಹೊಗೆ.

ಅಷ್ಟರಲ್ಲಿ ಶೋಭನಿಗೆ ಕುಮಟೆಯಿಂದ ಕರೆ ಬಂತು, ಹೈಸ್ಕೂಲಲ್ಲಿ ಪಾಠ ಹೇಳೂ ಅಕ್ಕೋರ ಕೆಲಸದ ಸಂದರ್ಶನಕ್ಕೆ. ಹತ್ತು ಗಂಟೆಗೆ ಸರಿಯಾಗಿ ಬರ್ಬೇಕು, ತಡ ಆದ್ರೆ ಮುಂದಿನವ್ರನ್ನ ಕರೀತಾರೆ ಅಂತ. ಓದು ಮುಗಿಸಿ ಎರಡು ವರ್ಷ ಮನೇಲಿ ಕೂತಿದ್ದಳು. ಅದಕ್ಕೆ ಮುಂಚೆ ಎರಡು ಕಡೆ ಕರೆದಿದ್ರು, ಹೆಣ್ಮಗಳು ದಿನಾ ಅಷ್ಟು ದೂರ ಬಸ್ಸಲ್ಲಿ ಒಬ್ಬಳೇ ಬೇಡ ಅಂತ ಒಬ್ರು ತಡೆದಿದ್ರು. ಒಬ್ರು ಅಂದ್ರೆ, ನಾನೇ. ಈ ಸಲ ನಿಮ್ಮಜ್ಜ "ಕಾರಿದೆಯಲ್ಲ, ನಾ ಬಿಡ್ತೆ" ಅಂದ್ರು. ನಾನೂ ಹೊರಟೆ, ಹಿಂದಿನ ದಿನ ಎರಡು ಮಾಲೆ ಜಾಸ್ತಿ ಕಟ್ಟಿ. ದಾರೀಲಿ ಬಸ್ಸು ನಮ್ಮನ್ನ ದಾಟಿ ಹೋಗುವಾಗ ನಿಮ್ಮಜ್ಜ ಕೈ ಬೀಸಿದ್ರು, ಪಾಪ, ಬಸ್ಸಿನವ್ರಿಗೆ ಕಾರಿಲ್ಲ ಅಂತ. ಶರಾವತಿ ಸೇತುವೆ ಮೇಲೆ ಬಂದ್ವಿ, ಕಾರು ಬುಸ್ಸಂತು.

ಸೇತುವೆ ದಾಟೂವರೆಗೆ ದೂಡಿದ್ವಿ, ಶೋಭ ಹೊಸ ಸೀರೆ ಉಟ್ಕಂಡು ದೂಡಿದಳು. ಹೊನ್ನಾವರದ ಬದಿ ಇನಾಸ ಅಂತ ಒಬ್ಬ ಮೇಸ್ತ್ರಿ, ಕೊಂಕಣಿ ಕಿರಿಸ್ತಾನ, ವಯಸ್ಸಾದವ. ಆರೂಕೆ ಬಿಟ್ಟು ನೀರು ಹಾಕ್ದ, ಮುಂದೆ ಬಂದು ಬೋರ್ಡು ನೋಡ್ದ, ಮಾಲೆ ನೋಡ್ದ, ನನ್ನ ನೋಡ್ದ, ಸುಮ್ನೆ ಕೈ ಒರೆಸ್ಕಂಡ. ಶೋಭ ಬಿಡ್ಲಿಲ್ಲ. "ಎಂತ ಆಗಿದ್ದು ಹೇಳಿ." "ನಾ ಇಗರ್ಜಿಗೆ ಹೋಗೋವ, ನಿಮ್ಮ ದೇವ್ರ ವಿಷಯ ನಾ ಎಂತ ಹೇಳೂದು ತಂಗೀ?" "ಹಂಗಾದ್ರೆ ನಾ ಹೇಳ್ತೆ, ನೀವು ತಲೆ ಆಡ್ಸಿದ್ರೆ ಸಾಕು. ಮುಂದಿಂದ ಒಳಗೆ ಗಾಳಿ ಹೋಗ್ತಾ ಇಲ್ಲ, ಅಲ್ದಾ?" ಇನಾಸ ತಲೆ ಆಡ್ಸಿದ. ಗೊತ್ತಾತಾ ನಿಮ್ಗೆ, ಎಲ್ಲಾ ಮೇಸ್ತ್ರಿಗಳಿಗೂ ಗೊತ್ತಿತ್ತು, ಬಾಯಿ ಬಿಟ್ಟು ಹೇಳೋ ಧೈರ್ಯ ಒಬ್ಬನಿಗೂ ಇರ್ಲಿಲ್ಲ.

ಶೋಭ ಸೆರಗು ಸಿಗಿಸ್ಕಂಡು ಬೋಲ್ಟು ಬಿಚ್ಚೂ ಪಾನಾ ಎತ್ತಿದಳು. ನಾನು ಬೋರ್ಡಿಗೆ ಬೆನ್ನು ಕೊಟ್ಟು ಅಡ್ಡ ನಿಂತೆ. "ಇವತ್ತೇ ಮುಟ್ಟಬೇಡ ಶೋಭಾ, ಒಳ್ಳೇ ಕೆಲ್ಸಕ್ಕೆ ಹೊರಟಿದ್ದು, ಅಪಚಾರ ಆಗ್ತದೆ." ಅವಳು ಜಗಳ ಮಾಡ್ಲಿಲ್ಲ. "ಆಯಿ, ನಂಗೆ ಈ ಕೆಲಸ ಬೇಕು" ಅಂದಳು, ಅಷ್ಟೇ. ಕಣ್ಣು ತುಂಬಿತ್ತು. ಗಂಟೆ ಒಂಬತ್ತು ದಾಟಿತ್ತು. ಎರಡು ವರ್ಷದಲ್ಲಿ ಮೂರನೇ ಸಲ ನಾನು ಇವಳಿಗೆ ಅಡ್ಡ ನಿಂತದ್ದು ಅಂತ ಆಗ ಹೊಳೀತು. ನಾಚಿಕೆ ಆತು ನಂಗೆ, ಸುಳ್ಳು ಯಾಕೆ ಹೇಳ್ಲಿ. ಸರಿದೆ.

ಮಾಲೆ, ಕಾಯಿ, ಬೋರ್ಡು ಎಲ್ಲಾ ನನ್ನ ಮಡ್ಲಲ್ಲಿ. ಕಾರು ಕುಮಟೆವರೆಗೆ ತಣ್ಣಗೆ ಓಡ್ತು. ಹತ್ತಕ್ಕೆ ಐದು ನಿಮಿಷ ಇರುವಾಗ ಶೋಭ ಗೇಟು ಹೊಕ್ಕಳು, ಸೀರೆ ಅಂಚಿಗೆ ಗ್ರೀಸು ಮೆತ್ಕಂಡು. ಕೆಲಸ ಸಿಕ್ತು, ಅಕ್ಕೋರಾದಳು, ಸೋಮವಾರದಿಂದ ಬಸ್ಸಲ್ಲೇ ಹೋದಳು, ಒಬ್ಬಳೇ. ಊರಲ್ಲಿ ಮಾತ್ರ ನಾನು ಗಣಪತಿ ಕೊಡ್ಸಿದ್ದು ಅಂತಲೇ ಹೇಳ್ಕಂಡು ತಿರುಗಿದೆ. ಸುಳ್ಳಲ್ಲ ಅದು, ಅವನು ಬದಿಗೆ ಸರಿದ, ನಾನೂ ಸರಿದೆ, ಅದಕ್ಕೇ ಸಿಕ್ಕಿದ್ದು. ನೀವೂ ಅಷ್ಟೇ, ಗಾಡಿ ಇರ್ಲಿ, ನಾಳೆ ಮಕ್ಕಳಿರ್ಲಿ, ಕೈ ಮುಗೀರಿ, ಮುಗಿದು ಬದಿಗೆ ನಿಂತ್ಕಣಿ. ಮುಂದೆ ಗಾಳಿ ಆಡ್ಬೇಕು.