ನನ್ನ ಹಲ್ಲು, ಅವರ ಶಾಲು

ವೇದಿಕೆಯ ನಟ್ಟನಡುವೆ ಕುಳಿತಿರುವ ನಮ್ಮ ಕನ್ನಡ ಸಂಘದ ಅಧ್ಯಕ್ಷರಾದ ವ್ಯಾಸರಾಜ ಅವರೇ, ಈಗಷ್ಟೇ ‘ಪಾಕಪ್ರವೀಣೆ’ ಎಂಬ ಬಿರುದು ಪಡೆದು ಶಾಲು ಹೊದ್ದಿರುವ ಅವರ ಶ್ರೀಮತಿ ಮೃಣಾಲಿನಿ ಅವರೇ, ಸಿವಿಲ್ ಲೈನ್ಸಿನಿಂದ ದೊಡ್ಡ ಕಾರಿನಲ್ಲಿ ಬಂದ ಮುಖ್ಯ ಅತಿಥಿಗಳೇ, ಊಟದ ಮನೆಯ ಕಡೆಗೇ ಮೂಗು ಇಟ್ಟುಕೊಂಡು ಕುಳಿತಿರುವ ಸಭಿಕರೇ,

ವಂದನಾರ್ಪಣೆಗೆ ನನಗೆ ಎರಡು ನಿಮಿಷ ಕೊಟ್ಟಿದ್ದಾರೆ. ಆ ಹೊತ್ತಿಗೆ ಅರ್ಧ ಸಭೆ ಚಪ್ಪಲಿ ಹುಡುಕುತ್ತಿರುತ್ತದೆ, ಈ ಮಲ್ಲೇಶಪ್ಪ ಏನು ಮಾತಾಡಿದರೂ ನಡೆಯುತ್ತದೆ ಎಂದುಕೊಂಡಿದ್ದಾರೆ. ನಡೆಯುತ್ತದೆಯೇ? ನೋಡೋಣ. ನಾನು ಇಂಡಿ ತಾಲ್ಲೂಕಿನ ಹಳ್ಳಿಯ ಸಾಲಿಯಲ್ಲಿ ಏಳನೆಯ ಇಯತ್ತೆ ಓದಿದವನು. ಏಳನೆಯದನ್ನು ಎರಡು ಸಲ ಓದಿದೆ, ಆದ್ದರಿಂದ ಎಂಟು ಎಂದೇ ಹಿಡಿಯಿರಿ. ಆ ಎಂಟರ ಬಲದ ಮೇಲೆ ಕೋರಾಡಿಯ ವಿದ್ಯುತ್ ಕೇಂದ್ರದಲ್ಲಿ ಬಾಯ್ಲರ್ ಕಾದೆ. ಈ ಊರಿನ ದೀಪಗಳೆಲ್ಲ ಒಂದು ಕಾಲದಲ್ಲಿ ನನ್ನ ಮಾತು ಕೇಳುತ್ತಿದ್ದವು. ಆದರೆ ಆ ಬಾಯ್ಲರ್ ಕೂಡ ಇವತ್ತು ನಾನು ಕಾದಷ್ಟು ಕಾದಿರಲಿಲ್ಲ.

ಏಕೆ ಕಾದೆ? ನಿಮ್ಮ ಕೈಯಲ್ಲಿ ಈ ವರ್ಷದ, ಎರಡು ಸಾವಿರದ ಎಂಟರ ಸ್ಮರಣ ಸಂಚಿಕೆ ಇದೆ. ಅದರಲ್ಲಿ ಮೃಣಾಲಿನಿ ಅವರ ಫೋಟೋದ ಕೆಳಗಿರುವ ಬದನೆಕಾಯಿ ಎಣಗಾಯಿ ತೆಗೆಯಿರಿ. ಓದುತ್ತೇನೆ: “ಶೇಂಗಾ ತರಿತರಿಯಾಗಿ ಕುಟ್ಟಬೇಕು. ನಮ್ಮ ಮಾಮಾನಿಗೆ ಎಡಗಡೆ ದವಡೆಯಲ್ಲಿ ಹಲ್ಲಿಲ್ಲ. ಅವರು ಬರುವ ದಿನ ಮಾತ್ರ ನುಣ್ಣಗೆ ಮಾಡುತ್ತೇನೆ. ಹಲ್ಲಿಲ್ಲ ಎಂದು ಅವರು ಒಪ್ಪುವುದಿಲ್ಲ. ಶೇಂಗಾ ಸರಿಯಾಗಿ ಹುರಿದಿಲ್ಲ ಎನ್ನುತ್ತಾರೆ.”

ಯಾವ ಮಾಮಾ, ಸಭಿಕರೇ? ಮೃಣಾಲಿನಿ ಅವರ ಸೋದರಮಾವನನ್ನು ನಾನು ಬಲ್ಲೆ. ಈ ವಯಸ್ಸಿನಲ್ಲೂ ಹಲ್ಲಿನಿಂದ ಕಬ್ಬು ಸಿಗಿಯುತ್ತಾರೆ. ಹಲ್ಲಿಲ್ಲದ ಮಾಮಾ ನಾನು! ಮುಂದಿನ ಸಾಲಿನವರು ನೋಡಿ, ಇಲ್ಲಿ, ಎಡಗಡೆ. ನಾನು ಯಾವಾಗ ಅಧ್ಯಕ್ಷರ ಮನೆಯ ಮಾಮಾ ಆದೆ? ಆ ಮನೆಯಲ್ಲಿ ನಾನು ಇದುವರೆಗೆ ಒಂದು ಲೋಟ ನೀರೂ ಕುಡಿದಿಲ್ಲ.

ಬರೆದವಳು ನನ್ನ ತಂಗಿಯ ಮಗಳು ಚಾರುಲತಾ. ಮಹಾಲ್‌ನ ಪೇಟೆಯೊಳಗಿನ ಹಳೆಯ ವಾಡೆಯೊಂದರ ಮಾಳಿಗೆಯಲ್ಲಿ ಅವಳ ಮನೆ. ಅಡುಗೆಯೆಂದರೆ ಅವಳಿಗೆ ಜೀವ. ಮಾಡಿದ್ದನ್ನೆಲ್ಲ ಕಿಟಕಿಯ ಬೆಳಕಿನಲ್ಲಿಟ್ಟು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಬರೆಯುತ್ತಾಳೆ. ಅದಕ್ಕೆ ಬ್ಲಾಗ್ ಎನ್ನುತ್ತಾರೆ, ಚಿಲಕವಿಲ್ಲದ ಮನೆ ಇದ್ದ ಹಾಗೆ. ಯಾರು ಬೇಕಾದರೂ ಒಳಗೆ ಬರಬಹುದು. “ಏ ಚಾರು, ದೇವರಿಗೂ ಇಷ್ಟೊತ್ತು ನೈವೇದ್ಯ ತೋರ್ಸಂಗಿಲ್ಲವ್ವ, ಎಡಿ ಮಾಡು” ಎಂದು ನಾನು ಕೂಗುತ್ತೇನೆ. “ಒಂದ್ ಮಿನಿಟ್ ಮಾಮಾ, ನಿಮ್ಮ ನೆಳ್ಳ ಬೀಳಾಕತ್ತೈತಿ, ಸರೀರಿ” ಎನ್ನುತ್ತಾಳೆ. ಮಸ್ಕತ್ತಿನಲ್ಲಿರುವ ಕನ್ನಡದ ಸೊಸೆಯಂದಿರು ಅವಳನ್ನು ನೋಡಿ ರೊಟ್ಟಿ ಬಡಿಯಲು ಕಲಿತಿದ್ದಾರೆ. ಕಾಮ್ಠಿಯ ಮಿಲಿಟರಿ ದಂಡಿನಲ್ಲಿರುವ ಉತ್ತಪ್ಪನವರ ಹೆಂಡತಿ ಕೊಡಗಿನವರು. ಅವರು ಕೂಡ ನನ್ನ ಹಲ್ಲನ್ನು ಓದಿ ನಕ್ಕಿದ್ದಾರೆ. ಹೊರದೇಶದವರೆಗೆ ಹೆಸರಾದ ಹಲ್ಲು ನಿಮ್ಮಲ್ಲಿ ಬೇರೆ ಯಾರಿಗಿದೆ?

ಅರ್ಧ ಗಂಟೆಯ ಹಿಂದೆ ಪರದೆಯ ಮರೆಯಲ್ಲಿ, ಇದು ಚಾರು ಬರೆದದ್ದಲ್ಲವೇ ಎಂದು ಅಧ್ಯಕ್ಷರನ್ನು ಕೇಳಿದೆ. ಅವರು ನಕ್ಕರು. “ನೆಟ್‌ನ್ಯಾಗ ಇದ್ದದ್ದು ಎಲ್ಲಾರದೂ ಇರ್ತದ ಮಲ್ಲೇಶಪ್ಪನವರ. ಅಡಿಗಿಗೆ ಯಾರ ಹೆಸರು ಹಚ್ಚೂದದ?” ಎಂದರು. ಹಾಗಾದರೆ ಮಹಾಲ್‌ನ ಬೀದಿಯಲ್ಲಿ ಬದನೆಕಾಯಿ ಹರವಿಕೊಂಡು ಕೂತವಳ ಮುಂದಿನಿಂದ ಬುಟ್ಟಿ ಎತ್ತಿಕೊಂಡು ನಡೆಯಿರಿ, ನೋಡೋಣ! ಬೀದಿಯಲ್ಲಿ ಇದ್ದದ್ದು ಎಲ್ಲರದೂ ಅಲ್ಲವೇ? ಅಡುಗೆಗೆ ಹೆಸರು ಹಚ್ಚುವಂತಿಲ್ಲವಾದರೆ ಶಾಲು ಯಾರ ಹೆಗಲಿಗೆ ಹಚ್ಚಿದಿರಿ?

ಚಾರು ಹಿಂದಿನ ಸಾಲಿನಲ್ಲಿ ಕುಳಿತಿದ್ದಾಳೆ. ಕಣ್ಣು ದೊಡ್ಡದು ಮಾಡಬೇಡವ್ವ, ನಾನು ಇಳಿಯುವುದಿಲ್ಲ. ಪುಸ್ತಕ ನೋಡಿದವಳೇ ನನ್ನ ಕಿವಿಯಲ್ಲಿ, “ಸಾಕ್ರಿ ಮಾಮಾ. ಮನಿಗಿ ಹೋದಕೂಡ್ಲೆ ಎಲ್ಲಾ ಅಳಿಸಿಬಿಡ್ತೀನಿ” ಎಂದಳು. ಎಲ್ಲ ಎಂದರೆ ಎಲ್ಲ. ಹೋಳಿಗೆ, ಕಡಬು, ಎಣಗಾಯಿ, ಎಲ್ಲ.

ಇನ್ನೊಂದು ಮಾತು. ಕದ್ದವರು ನನ್ನ ಹಲ್ಲನ್ನು ಉಳಿಸಿದ್ದಾರೆ, ಕೊನೆಯ ಸಾಲನ್ನು ಕತ್ತರಿಸಿದ್ದಾರೆ. ಚಾರು ಬರೆದಿದ್ದಳು: “ಗುರೆಳ್ಳು ಹುರಿಯುವ ಈ ಹದ ನಮ್ಮ ಗಂಗೂಬಾಯಿ ಅತ್ತಿಯದು. ಅವರಿದ್ದಾಗ ಇಡೀ ಕಾಲನಿಗೆ ವಾಸನೆಯಿಂದಲೇ ಊಟದ ಹೊತ್ತು ತಿಳಿಯುತ್ತಿತ್ತು.” ಗಂಗೂಬಾಯಿ ನನ್ನ ಹೆಂಡತಿ. ತೀರಿಕೊಂಡಳು. ನನಗೆ ಕಂಪ್ಯೂಟರ್ ಬರುವುದಿಲ್ಲ; ಐತವಾರ ಊಟವಾದ ಮೇಲೆ ಚಾರು ಓದಿ ಹೇಳುತ್ತಾಳೆ. “ಆ ಹಲ್ಲಿಂದು ಓದವ್ವ, ಚಲೋ ಮಜಾ ಐತಿ” ಎನ್ನುತ್ತೇನೆ. ಅವಳು ಹಲ್ಲಿನ ಹತ್ತಿರ ನಿಲ್ಲಿಸುವುದಿಲ್ಲ. ನಾನು ಕೇಳದಿದ್ದರೂ ಕೊನೆಯ ಸಾಲಿನವರೆಗೆ ಓದುತ್ತಾಳೆ, ಮೆಲ್ಲಗೆ. ಅದನ್ನೂ ಅಳಿಸಿದರೆ ಐತವಾರ ನಾನು ಏನನ್ನು ಕೇಳಲಿ?

ಇರಲಿ, ಅದು ಮನೆಯ ಮಾತು. ಸಭೆಯ ಮಾತಿಗೆ ಬರುತ್ತೇನೆ.

ಶಾಲು ಅವರ ಹೆಗಲ ಮೇಲೇ ಇರಲಿ, ನಮಗೆ ಬೇಡ. ಅಧ್ಯಕ್ಷರು ಈ ಮೈಕಿಗೆ ಬಂದು, ಆ ಪುಟ ಬರೆದವಳು ಚಾರುಲತಾ, ಆ ಹದ ಗಂಗೂಬಾಯಿಯದು ಎಂದು ಎರಡು ಹೆಸರು ಹೇಳಬೇಕು. ಅಷ್ಟೇ. ಹೇಳದಿದ್ದರೆ? ಊಟದ ಉಸ್ತುವಾರಿಯನ್ನೂ ನನಗೇ ಕೊಟ್ಟಿದ್ದೀರಿ, ಮಹನೀಯರೇ. ಊಟದ ಮನೆಗೆ ಬೀಗ ಹಾಕಿ ಬಂದಿದ್ದೇನೆ. ಕೀಲಿ ನನ್ನ ಜೇಬಿನಲ್ಲಿದೆ. ಮುಖ್ಯ ಅತಿಥಿಗಳು ಕ್ಷಮಿಸಬೇಕು. ಒಳಗೆ ಪೂರಿ ಉಬ್ಬಿ ಕುಳಿತಿದೆ, ಹೆಚ್ಚು ಹೊತ್ತು ಕಾಯುವುದಿಲ್ಲ.

ಮೈಕಿನವರಿಗೆ, ಕುರ್ಚಿ ಹಾಕಿದವರಿಗೆ, ಹಸಿದುಕೊಂಡು ನನ್ನನ್ನು ಕೇಳಿದ ನಿಮಗೆಲ್ಲರಿಗೆ ಸಂಘದ ಪರವಾಗಿ ವಂದನೆಗಳು. ಒಬ್ಬರಿಗೆ ಮಾತ್ರ, ಆ ಎರಡು ಹೆಸರು ಹೇಳುವವರೆಗೆ, ವಂದನೆ ಬಾಕಿ ಇಟ್ಟಿದ್ದೇನೆ. ಚಾರು, ಎದ್ದು ಹೋಗಬೇಡ, ಕೇಳಿಸಿಕೊಂಡು ಹೋಗು.

ಬನ್ನಿ, ವ್ಯಾಸರಾಜರೇ. ಮೈಕು ನಿಮ್ಮದು. ನಮಸ್ಕಾರ.